ಓರಿನ್ ಟಲ್ಲಿಗೆ ಕೇಳಿಸದ ನಗು

ಆ ವಸಂತದಲ್ಲಿ ನನಗೆ ಓರಿನ್ ಟಲ್ಲಿಯನ್ನು ಕಂಡರೆ ಆಗುತ್ತಿರಲಿಲ್ಲ.

ಬೆಳಿಗ್ಗೆ ಸ್ಟುಡಿಯೊದ ಮೆಟ್ಟಿಲ ಮೇಲೆ ಅವನ ಹಿಂದೆಯೇ ಹತ್ತುತ್ತ "ಗುಡ್ ಮಾರ್ನಿಂಗ್, ಮಿಸ್ಟರ್ ಟಲ್ಲಿ" ಎನ್ನುತ್ತಿದ್ದೆ. ತಲೆ ಕೂಡ ತಿರುಗಿಸದೆ ಹೋಗಿಬಿಡುತ್ತಿದ್ದ. ಮೂಕಿ ಚಿತ್ರಗಳಲ್ಲಿ ದೇಶವೆಲ್ಲ ಅವನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಅವನಿಗೆ ಒಬ್ಬ ಎಡಿಟರ್ ಹೆಂಗಸಿಗೆ ತಲೆಯಾಡಿಸುವಷ್ಟು ಪುರುಸೊತ್ತೂ ಇರಲಿಲ್ಲ.

"ದೊಡ್ಡೋರಾದ್ಮೇಲೆ ಹಾಗೇ ಕಣೆ ಹೆಸ್ಟರ್," ಎಂದಳು ಪಕ್ಕದ ಮೇಜಿನ ಅಗ್ನೆಸ್. "ನೀನು ಯಾಕೆ ದಿನಾ ವಿಶ್ ಮಾಡೋಕೆ ಹೋಗ್ತೀಯ?"

"ಅಭ್ಯಾಸ," ಎಂದೆ.

ಎಂದಿನಂತೆ ಅವನ ಹೊಸ ಚಿತ್ರವನ್ನೂ ಕತ್ತರಿಸಿ ಜೋಡಿಸುವ ಕೆಲಸ ನನ್ನ ಪಾಲಿಗೇ ಬಂದಿತ್ತು. ಹೀಗಾಗಿ ಇಡೀ ದಿನ ಅವನ ಮುಖವನ್ನೇ ನೋಡುತ್ತ ಕೂರಬೇಕು. ಬಿಳಿಯ ಹತ್ತಿ ಕೈಗವಸು ಹಾಕಿಕೊಂಡು, ಫಿಲ್ಮನ್ನು ಬೆಳಕಿಗೆ ಹಿಡಿದು, ಅವನು ಏಣಿಯಿಂದ ಬೀಳುವುದನ್ನು, ಬಾವಿಗೆ ಬೀಳುವುದನ್ನು, ಯಾರದೋ ಮದುವೆಯ ಕೇಕಿನ ಮೇಲೆ ಬೀಳುವುದನ್ನು ತುಂಡು ತುಂಡಾಗಿ ನೋಡುತ್ತಿದ್ದೆ. ಕತೆ ಕಟ್ಟುವವನೂ ಅವನೇ, ನಿರ್ದೇಶಕನೂ ಅವನೇ, ಬೀಳುವವನೂ ಅವನೇ. ಬಿದ್ದು ಎದ್ದ ಮೇಲೆ, ಕ್ಯಾಮೆರಾ ನಿಲ್ಲುವ ಮೊದಲಿನ ಒಂದು ಕ್ಷಣ, ಅವನ ಮುಖದಲ್ಲಿ ಒಂದು ಆಯಾಸ ಕಾಣಿಸುತ್ತಿತ್ತು. ಆ ಚೂರನ್ನು ಕತ್ತರಿಸಿ ಎಸೆಯುವುದೂ ನನ್ನ ಕೆಲಸವೇ. ಅಂಥ ಆಯಾಸವನ್ನು ನಾನು ನನ್ನ ಕನ್ನಡಿಯಲ್ಲಿ ಕಂಡಿದ್ದೆ. ಯುದ್ಧದ ಕೊನೆಯ ವರ್ಷದ ಜ್ವರದಲ್ಲಿ ಗಂಡ ತೀರಿಕೊಂಡಿದ್ದ. ಆಮೇಲೆ ನನಗಿದ್ದದ್ದು ಈ ಕತ್ತರಿ, ಈ ಮೇಜು, ಸಂಜೆಗೆ ಮನೆಯಲ್ಲಿ ಒಂದು ಡಬ್ಬಿ ಸೂಪು.

ಒಂದು ಮಧ್ಯಾಹ್ನ ಅವನು ನಮ್ಮ ಕೋಣೆಗೆ ಬಂದ. ಕಿಟಕಿಯ ಬಳಿ ನಿಂತು, ನಾನು ಜೋಡಿಸಿದ ಒಂದು ತುಂಡನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಅಷ್ಟರಲ್ಲಿ ಅಗ್ನೆಸ್‌ಳ ಮೊಣಕೈ ತಾಗಿ, ಅವನ ಬೆನ್ನ ಹಿಂದೆಯೇ ಪೇರಿಸಿಟ್ಟಿದ್ದ ತಗಡಿನ ಡಬ್ಬಿಗಳೆಲ್ಲ ಧಡಧಡನೆ ನೆಲಕ್ಕುರುಳಿದವು. ನಾನು ಕುರ್ಚಿಯಿಂದ ಹಾರಿಬಿದ್ದೆ. ಪಕ್ಕದ ಕೋಣೆಯವರೂ ಓಡಿಬಂದರು.

ಓರಿನ್ ಟಲ್ಲಿಯ ರೆಪ್ಪೆ ಕೂಡ ಅಲುಗಲಿಲ್ಲ.

ಎಲ್ಲರೂ ಹೋಗಲಿ ಎಂದು ಕಾದೆ. ಆಮೇಲೆ ಅವನೆದುರು ಹೋಗಿ ನಿಂತು, ದನಿ ತೆಗೆಯದೆ, ತುಟಿಯನ್ನಷ್ಟೇ ಆಡಿಸಿದೆ. "ಎಷ್ಟು ವರ್ಷದಿಂದ?"

"ಏನು ಎಷ್ಟು ವರ್ಷದಿಂದ?" ಎಂದ.

"ನಾನೀಗ ದನಿಯೇ ತೆಗೀಲಿಲ್ಲ, ಮಿಸ್ಟರ್ ಟಲ್ಲಿ."

ಅವನು ಫಿಲ್ಮನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು, ಅಗ್ನೆಸ್‌ಳ ಕುರ್ಚಿಯಲ್ಲಿ ಕೂತ. ಬಹಳ ದೂರ ನಡೆದು ಬಂದವನು ಕೂರುವ ಹಾಗೆ.

"ಫಿರಂಗಿ ಸೀನು ನೆನಪಿದೆಯಾ? ಮದ್ದು ಜಾಸ್ತಿ ತುಂಬಿಬಿಟ್ಟಿದ್ರು. ಎಡಗಿವಿ ಅವತ್ತೇ ಹೋಯ್ತು. ಬಲಗಿವಿ ಪಾಪ ಒಂಟಿಯಾಗಿ ದುಡೀತಾ ಇತ್ತು. ಈಗ ಅದಕ್ಕೂ ಸುಸ್ತಾಗಿದೆ."

"ಹಾಗಾದ್ರೆ ಮೆಟ್ಟಿಲ ಮೇಲೆ ನಾನು ದಿನಾ ಮಾತಾಡ್ಸಿದ್ದು..."

"ನೀವು ಮಾತಾಡ್ಸಿದ್ರಾ?" ಅವನ ಹುಬ್ಬು ಮೇಲೇರಿತು. "ಮೇಲೆ ಬಂದ ಮೇಲೆ ನಿಮ್ಮನ್ನ ನೋಡಿ ನಾನು ನಗ್ತಾ ಇದ್ದೆ, ನೀವು ಮುಖ ಊದಿಸ್ಕೊಂಡು ಹೋಗ್ಬಿಡೋರು. ಎಂಥ ಜಂಬದ ಹೆಂಗಸಪ್ಪ ಅಂತ ನಾನು ಬೈಕೋತಿದ್ದೆ."

ನಗು ಬಂದುಬಿಟ್ಟಿತು. ಅವನು ನನ್ನ ನಗುವನ್ನು ನೋಡಿದ. ಬಿಸಿ ಕಾಫಿ ಕುಡಿಯುವವನಂತೆ, ನಿಧಾನವಾಗಿ, ಕಣ್ಣು ಕಿರಿದು ಮಾಡಿ ನೋಡಿದ. ಹಾಗೆ ಯಾರೂ ನನ್ನನ್ನು ನೋಡಿ ಬಹಳ ಕಾಲವಾಗಿತ್ತು. ಕೈಗವಸು ಸರಿಮಾಡಿಕೊಂಡೆ.

"ಗ್ರೂಬರ್‌ಗೆ ಹೇಳ್ಬೇಡಿ," ಎಂದ. ಗ್ರೂಬರ್ ಸ್ಟುಡಿಯೊದ ಯಜಮಾನ.

"ನನ್ನ ಗುಡ್ ಮಾರ್ನಿಂಗೇ ಇಷ್ಟು ದಿನ ನಿಮ್ಮನ್ನ ಮುಟ್ಲಿಲ್ಲ, ಈ ಮಾತು ಗ್ರೂಬರನ್ನ ಮುಟ್ಟುತ್ತಾ?" ಎಂದೆ.

ಮಾರನೆಯ ದಿನ ನನ್ನ ಮೇಜಿಗೆ ಬಂದ ಫಿಲ್ಮಿನಲ್ಲಿ ಒಂದು ಪ್ರಣಯದ ದೃಶ್ಯವಿತ್ತು. ನಾಯಕಿಯ ಕೈ ಹಿಡಿದು, ದುಂಡು ಟೋಪಿಯನ್ನು ಎದೆಗೊತ್ತಿಕೊಂಡು, ಅಂಟಿಸಿದ ಮೀಸೆಯ ಕೆಳಗೆ ಅವನ ತುಟಿ ಆಡುತ್ತಿತ್ತು. ಪರದೆಯ ಮೇಲೆ ಬರಬೇಕಾದ ಅಕ್ಷರಗಳು, "ಪ್ರಿಯೆ, ನಿನಗಾಗಿ ಬೆಟ್ಟ ಹತ್ತುವೆ." ವರ್ಷಗಟ್ಟಲೆ ಅವೇ ತುಟಿಗಳನ್ನು ನೋಡಿ ನೋಡಿ ನನಗೂ ಅವುಗಳ ಮಾತು ತಿಳಿಯುತ್ತಿತ್ತು. ಅವನು ಹೇಳುತ್ತಿದ್ದುದು ಬೇರೆ.

"ಮಿಸಸ್ ಲಿಂಡ್, ನಿನ್ನೆ ನೀವು ಊಟಾನೇ ಮಾಡ್ಲಿಲ್ವಂತೆ. ಯಾಕೆ?"

ಆ ತುಂಡನ್ನು ಇನ್ನೊಮ್ಮೆ ನೋಡಿದೆ. ಮತ್ತೊಮ್ಮೆ.

ಆಮೇಲೆ ಅದು ಚಾಳಿಯಾಯಿತು. ಬಾವಿಯೊಳಗಿಂದ ಮೇಲೆ ನೋಡುತ್ತ, "ಆ ಹಸಿರು ಅಂಗಿ ಮತ್ತೆ ಯಾವಾಗ ಹಾಕ್ಕೋತೀರಿ?" ಪೊಲೀಸನ ಕಾಲಿಗೆ ಬಿದ್ದು, "ಇವತ್ತು ಮಂಡಿ ಬಹಳ ನೋವು, ಯಾರಿಗೂ ಹೇಳ್ಬೇಡಿ." ಆ ಪ್ರೇಮದ ನೋಟವೆಲ್ಲ ತನಗೇ ಎಂದುಕೊಂಡು ನಾಯಕಿ ಪಾಪ ದಿನವೂ ಕೆಂಪಾಗುತ್ತಿದ್ದಳು.

ಮಧ್ಯಾಹ್ನ ಗೇಟಿನ ಹೊರಗೆ, ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ ಮಾರುವ ಗಾಡಿ ನಿಲ್ಲುತ್ತಿತ್ತು. ಅವನು ಆ ಬದಿಯಲ್ಲಿ ಹತ್ತು ಜನರ ನಡುವೆ, ನಾನು ಈ ಬದಿಯಲ್ಲಿ ಅಗ್ನೆಸ್ ಜೊತೆ. ಬೀದಿಯ ಈಚೆಯಿಂದ ಅವನತ್ತ ತಿರುಗಿ ಸುಮ್ಮನೆ ತುಟಿ ಆಡಿಸುತ್ತಿದ್ದೆ. "ಹಸಿರು ಅಂಗಿ ಒಗೆಯೋಕೆ ಹಾಕಿದೀನಿ." ಅವನು ಜೋಳದ ಸಿಪ್ಪೆ ಬಿಡಿಸುತ್ತ ತಲೆ ತಗ್ಗಿಸಿ ನಗುತ್ತಿದ್ದ.

ಒಂದು ದಿನ ಗಾಡಿಯ ಪಕ್ಕದ ಮರದ ನೆರಳಲ್ಲಿ ತನ್ನ ಕತೆ ಹೇಳಿದ. ನೆಬ್ರಾಸ್ಕಾದಲ್ಲಿ ಅವನಪ್ಪ ಕುದುರೆ ಗಾಡಿಯಲ್ಲಿ ಊರೂರು ತಿರುಗಿ ಟಾನಿಕ್ ಮಾರುತ್ತಿದ್ದನಂತೆ. ಜನ ಸೇರದಿದ್ದರೆ ಅಪ್ಪ ಸನ್ನೆ ಮಾಡುವನು, ಪುಟ್ಟ ಓರಿನ್ ಗಾಡಿಯ ಮೇಲಿಂದ ಮುಗ್ಗರಿಸಿ ಬೀಳುವನು. ಜನ ನಗುವರು, ಟಾನಿಕ್ ಖರ್ಚಾಗುವುದು.

"ನೋವಾಗ್ತಿರ್ಲಿಲ್ವಾ?"

"ಆಗೋದು. ಆದ್ರೆ ನಗು ಕೇಳಿಸ್ತಿತ್ತಲ್ಲ," ಎಂದ. "ಈಗ ನೋವು ಮಾತ್ರ ಉಳ್ಕೊಂಡಿದೆ."

ಆ ಹೊತ್ತಿಗೆ ಊರೆಲ್ಲ ಮಾತಿನ ಚಿತ್ರಗಳ ಹುಚ್ಚು. ಗ್ರೂಬರ್ ಕೂಡ ಹಳೆಯ ಸೆಟ್ಟಿನ ಗೋಡೆಗೆ ಸದ್ದು ತಡೆಯುವ ಕಂಬಳಿ ಹೊಡೆಸಿ, ಮೈಕು ತರಿಸಿದ.

"ಜನಕ್ಕೆ ಮಾತು ಬೇಕಂತೆ ಓರಿನ್," ಎಂದ. "ನಿನ್ನ ದನಿ ಹೇಗಿದೆ ಅಂತ ನೋಡೇಬಿಡೋಣ."

ದನಿ ಕೆಟ್ಟದಾಗಿದ್ದರೆ ಎಂದು ಎಲ್ಲರೂ ಹೆದರಿದ್ದರು. ನನಗಿದ್ದ ಹೆದರಿಕೆ ಬೇರೆ. ಎದುರಿನ ನಟ ಬೆನ್ನು ತಿರುಗಿಸಿ ಮಾತಾಡಿದರೆ ಅದು ಮುಗಿದದ್ದು ಇವನಿಗೆ ಹೇಗೆ ಗೊತ್ತಾಗಬೇಕು? ದನಿ ಪರೀಕ್ಷೆಯ ದಿನ, ಫಿಲ್ಮ್ ಜೋಡಣೆಗೆ ಟಿಪ್ಪಣಿ ಬೇಕು ಎಂದು ನೆಪ ಹೇಳಿ ಕ್ಯಾಮೆರಾದ ಹಿಂದೆ ನಿಂತೆ. ಅವನ ಸರದಿ ಬಂದಾಗಲೆಲ್ಲ ಬೆರಳೆತ್ತಿದೆ. ಅವನ ಕಣ್ಣು ನನ್ನ ಬೆರಳನ್ನು ಬಿಟ್ಟು ಕದಲಲಿಲ್ಲ. ಅವನ ದನಿ ಮೆತ್ತಗೆ, ಸ್ವಲ್ಪ ಧೂಳು ಹತ್ತಿದ ಹಾಗೆ, ಎಲ್ಲರ ಎದೆಗೆ ಇಳಿಯಿತು. ಗ್ರೂಬರ್ ಕುಣಿದುಬಿಟ್ಟ. ಇನ್ನು ಸಾಲಾಗಿ ಮಾತಿನ ಚಿತ್ರಗಳೇ ಎಂದ.

ಸಂಜೆ ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೆವು. ಅವನ ಮುಖದಲ್ಲಿ ಗೆದ್ದವನ ಕಳೆಯಿರಲಿಲ್ಲ.

"ಪ್ರತಿ ಚಿತ್ರಕ್ಕೂ ನಾನು ನಿಲ್ತೀನಿ," ಎಂದೆ. "ಯಾರಿಗೂ ಗೊತ್ತಾಗೋದಿಲ್ಲ."

"ಎಲ್ಲಿಯವರೆಗೆ?"

"ಬೇಕಾದಷ್ಟು ದಿನ."

"ಕತ್ತರಿ ಹಿಡಿಯೋ ಕೈ ಅದು, ಹೆಸ್ಟರ್." ಮೊದಲ ಸಲ ನನ್ನ ಹೆಸರು ಹಿಡಿದು ಕರೆದಿದ್ದ. "ನನ್ನ ಸರದಿಗೆಲ್ಲ ಗಂಟೆ ಬಾರಿಸ್ತಾ ಅದು ಸವೆದುಹೋಗೋದು ಬೇಡ. ಬೀಳೋದು ನನಗೆ ಸಾಕಾಗಿಲ್ಲ. ಎಲ್ಲಾ ಕೇಳಿಸ್ತಾ ಇರೋ ಹಾಗೆ ನಟಿಸೋದು ಸಾಕಾಗಿದೆ."

"ಅಂದ್ರೆ ನಾನು ಬೇಡ."

ಅವನು ಆಗ ಬರುತ್ತಿದ್ದ ಟ್ರಾಮ್ ಕಡೆ ನೋಡುತ್ತಿದ್ದ. ನನ್ನ ಮಾತು ಅವನನ್ನು ಮುಟ್ಟಲೇ ಇಲ್ಲ. ಅದು ಗೊತ್ತಿದ್ದೂ ಎದ್ದು ಟ್ರಾಮ್ ಹತ್ತಿದೆ. ಕಿಟಕಿಯಿಂದ ತಿರುಗಿ ನೋಡಲಿಲ್ಲ. ಇಡೀ ದಿನ ಬೆರಳೆತ್ತಿ ನಿಂತ ತೋಳು ನೋಯುತ್ತಿತ್ತು. ಮನೆಗೆ ಬಂದು ಸೂಪನ್ನೂ ಬಿಸಿ ಮಾಡಲಿಲ್ಲ.

ಎರಡು ದಿನ ಬಿಟ್ಟು ಗ್ರೂಬರ್ ತಾನಾಗಿಯೇ ನಮ್ಮ ಕೋಣೆಗೆ ಬಂದ. ಅದಕ್ಕೆ ಮೊದಲು ಅವನು ಅಲ್ಲಿಗೆ ಬಂದದ್ದನ್ನು ನಾನು ಕಂಡೇ ಇರಲಿಲ್ಲ.

"ನಿಮಗೆ ಗೊತ್ತಿತ್ತು ಅಲ್ವಾ?" ಎಂದ.

ಕತ್ತರಿಯನ್ನು ಕೆಳಗಿಟ್ಟೆ.

"ಓರಿನ್ ಬಂದು ಎಲ್ಲಾ ಹೇಳಿಬಿಟ್ಟ. ಆ ಫಿರಂಗಿ ನನ್ನ ಐಡಿಯಾ ಕಣ್ರೀ." ಗ್ರೂಬರ್ ಕನ್ನಡಕ ತೆಗೆದು ಒರೆಸಿದ. "ಮಾತಿನ ಚಿತ್ರ ಒಲ್ಲೆ ಅಂದ. ಒಂದೇ ಒಂದು ಕೇಳ್ಕೊಂಡ. ಈ ಕೊನೇ ಚಿತ್ರಕ್ಕೆ ಮಾತು ಅಂಟಿಸ್ಬೇಡಿ, ಹೆಸ್ಟರ್ ಲಿಂಡ್ ಕತ್ತರಿಸಿದ ಹಾಗೇ ಹೊರಗೆ ಬರ್ಲಿ ಅಂದ. ನಿನ್ನೆ ಕೊನೇ ಶಾಟ್ ತೆಗೆದು ಹೊರಟುಹೋದ. ಮಾತಿನ ಚಿತ್ರ ಇನ್ನೂ ಬಾರದ ಸಣ್ಣ ಊರುಗಳಿಗೆ ಇದನ್ನ ಕಳಿಸ್ತೀನಿ. ಅಷ್ಟು ಮಾಡ್ಬೋದು ನಾನು."

ಆ ಕೊನೆಯ ಶಾಟ್ ಮಧ್ಯಾಹ್ನ ನನ್ನ ಕೈಗೆ ಬಂತು. ರೈಲು ಹೊರಟುಹೋದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಒಬ್ಬನೇ ನಿಂತ ಓರಿನ್. ಕ್ಯಾಮೆರಾವನ್ನೇ ನೇರವಾಗಿ ನೋಡುತ್ತ ತುಟಿ ಆಡಿಸುತ್ತಿದ್ದ. ತನಗೆ ಕೇಳಿಸದ ನನ್ನ ಮಾತನ್ನು ನಾನು ಎದ್ದುಹೋದ ರೀತಿಯಲ್ಲೇ ಊಹಿಸಿದ್ದ.

"ನೀವು ಬೇಡ ಅಂತಲ್ಲ. ನೀವು ನನ್ನ ಕಿವಿಯಾಗೋದು ಬೇಡ. ಅಷ್ಟೇ."

ಅಗ್ನೆಸ್ ಹೆಗಲ ಮೇಲಿಂದ ಬಗ್ಗಿ ನೋಡಿ, "ಉದ್ದ ಆಯ್ತು ಕಣೆ, ಅರ್ಧಕ್ಕೆ ಕತ್ತರಿಸು," ಎಂದಳು.

"ಇರ್ಲಿ ಬಿಡು," ಎಂದೆ. ಅವನ ಮುಖದ ಆಯಾಸವನ್ನೂ ಎಸೆಯದೆ ಹಾಗೇ ಬಿಟ್ಟೆ.

ಅವನ ಮನೆಗೆ ಹೋದರೆ ಬೀಗ. ಕಿತ್ತಳೆ ಕೊಯ್ಲಿನ ಹೊತ್ತಿಗೆ ಗ್ರೂಬರ್‌ನಿಂದಲೇ ಸುದ್ದಿ ಸಿಕ್ಕಿತು. "ಅವನು ಚಿತ್ರದ ಹಿಂದೆಯೇ ಊರೂರು ಅಲೀತಿದಾನಂತೆ, ಕಾರಲ್ಲಿ. ಈ ಶನಿವಾರ ಬೇಕರ್ಸ್‌ಫೀಲ್ಡ್ ಆಚೆ ಒಂದು ಊರಲ್ಲಿ ಮ್ಯಾಟಿನಿ ಇದೆ."

ಶನಿವಾರ ಹಸಿರು ಅಂಗಿ ಹಾಕಿಕೊಂಡು ಬಸ್ಸು ಹತ್ತಿದೆ.

ಥಿಯೇಟರ್ ಎಂದರೆ ಒಂದು ಮರದ ಹಾಲ್, ಬೆಂಚುಗಳು, ಮುಂದೆ ಪಿಯಾನೊ ಬಾರಿಸುವ ಹೆಂಗಸು. ತೋಟದ ಕೆಲಸದವರು ಸಂಸಾರ ಸಮೇತ ಬಂದು ತುಂಬಿದ್ದರು. ಕತ್ತಲಾಗಿ ಚಿತ್ರ ಶುರುವಾದ ಮೇಲೆ ಅವನನ್ನು ಕಂಡೆ. ಪರದೆಯ ಪಕ್ಕದ ಗೋಡೆಗೆ ಒರಗಿ, ಚಿತ್ರಕ್ಕೆ ಬೆನ್ನು ಹಾಕಿ, ಜನರತ್ತ ಮುಖ ಮಾಡಿ ನಿಂತಿದ್ದ. ಮೀಸೆ ಇಲ್ಲ, ದುಂಡು ಟೋಪಿ ಇಲ್ಲ. ಯಾರಿಗೂ ಅವನ ಗುರುತಾಗಿರಲಿಲ್ಲ. ಪರದೆಯ ಬೆಳಕಲ್ಲಿ ಒಂದೊಂದೇ ಮುಖವನ್ನು ನೋಡುತ್ತಿದ್ದ. ಬಾಯಗಲಿಸಿ ನಗುವ ಮುದುಕನನ್ನು, ಕಣ್ಣೊರೆಸಿಕೊಳ್ಳುತ್ತ ನಗುವ ತಾಯಿಯನ್ನು. ಕಿವಿಗೆ ಬಾರದ ನಗುವನ್ನು ಕಣ್ಣಲ್ಲೇ ಹೆಕ್ಕಿಕೊಳ್ಳುತ್ತ ಬಂದವನ ನೋಟ ನನ್ನ ಬೆಂಚಿನ ಮೇಲೆ ನಿಂತಿತು.

ಅದೇ ಹೊತ್ತಿಗೆ ಪರದೆಯ ಮೇಲೆ ಅವನು ಕೇಕಿನ ಮೇಲೆ ಬಿದ್ದ. ಹಾಲ್ ಹಾರಿಹೋಗುವ ಹಾಗೆ ಜನ ನಕ್ಕರು. ಆ ಗದ್ದಲದಲ್ಲಿ ಪಕ್ಕದವರಿಗೂ ಕೇಳಿಸದ ಮಾತನ್ನು ನಾನು ಅವನೊಬ್ಬನಿಗೆ ಹೇಳಿದೆ.

"ಒಬ್ಬಳೇ ಊಟ ಮಾಡಿ ಮಾಡಿ ನನಗೂ ಸಾಕಾಗಿದೆ, ಓರಿನ್. ನಿನ್ನ ಕಿವಿ ಆಗೋದಿಲ್ಲ, ಗಂಟೆ ಆಗೋದಿಲ್ಲ. ಹೆಂಡತಿ ಆಗ್ಲಾ?"

ಅವನು ಗೋಡೆಯಿಂದ ಬೆನ್ನೆತ್ತಿದ. ನೋಡಿದ್ದು ಸರಿಯೋ ತಪ್ಪೋ ಎಂಬಂತೆ ಒಂದು ಹೆಜ್ಜೆ ಮುಂದೆ ಬಂದ, ಇನ್ನೊಂದು ಹೆಜ್ಜೆ ಬಂದ. ಅಷ್ಟರಲ್ಲಿ ನಗು ನಿಂತುಹೋಗಿತ್ತು. ರೈಲು ಹೊರಡುವ ದೃಶ್ಯ, ಪಿಯಾನೊ ಕೂಡ ಮೆಲ್ಲಗಾಗಿತ್ತು. ನನ್ನ ಮುಖವೊಂದನ್ನೇ ನೋಡುತ್ತಿದ್ದ ಅವನಿಗೆ ಅದು ಹೇಗೆ ಗೊತ್ತಾಗಬೇಕು? ನಗುವಿನ ಸದ್ದನ್ನು ಮೀರಬೇಕೆಂದು ಗಂಟಲು ಬಿಚ್ಚಿ ಕೂಗಿದ.

"ಆಗು."

ಪಿಯಾನೊ ನಿಂತಿತು. ಇಡೀ ಹಾಲ್ ಅವನತ್ತ ನೋಡಿತು, ಆಮೇಲೆ ನನ್ನತ್ತ.

ನನ್ನ ಮುಂದಿನ ಬೆಂಚಿನಲ್ಲಿ ಕೂತಿದ್ದ ಅಜ್ಜಿಯೊಬ್ಬಳು, "ಏನಾಗ್ಬೇಕೋ ಅದು ಆಗ್ಲಿ ಕಣಪ್ಪ," ಎಂದಳು. "ಮೊದಲು ಪರದೆ ಮುಂದಿನಿಂದ ಪಕ್ಕಕ್ಕೆ ಬಾ. ಸಿನಿಮಾ ಕಾಣ್ತಿಲ್ಲ."

ಜನ ಮತ್ತೆ ನಕ್ಕರು. ಅವನು ಕುಂಟುತ್ತ, ಬಗ್ಗಿಕೊಂಡು, ಕೂತವರ ಮಂಡಿಗಳನ್ನು ದಾಟಿ ನನ್ನ ಪಕ್ಕಕ್ಕೆ ಬಂದ.

"ಆ ಅಜ್ಜಿ ಏನಂದ್ರು?"

ಅವನ ಮುಖವನ್ನು ನನ್ನ ಕಡೆ ತಿರುಗಿಸಿಕೊಂಡು ಹೇಳಿದೆ. "ಕೂತ್ಕೋ ಅಂದ್ರು."

ಕೂತ. ತಲೆಯನ್ನು ನನ್ನ ಹೆಗಲಿಗೆ ಆನಿಸಿ ಕಣ್ಣು ಮುಚ್ಚಿದ. ಪರದೆಯ ಮೇಲೆ ಅವನು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ, ನಾನು ಕತ್ತರಿಸದೆ ಬಿಟ್ಟಷ್ಟು ಹೊತ್ತು.