ಕರೆಂಟು ತೊಳೆಯುವ ಪೆಟ್ಟಿಗೆ

"ಫ್ರಿಜ್?"

"ಆಫ್ ಮಾಡಿದೆ!"

"ಮೈಕ್ರೊವೇವ್?"

"ಅದನ್ನೂ ಮಾಡಿದೆ ಅಪ್ಪ!"

"ಟಾಯ್ಲೆಟ್ ಲೈನು?"

ಚಿಹಾರು ಸ್ಟೂಲ್ ಹತ್ತಿ, ಬಾಗಿಲ ಮೇಲಿದ್ದ ಸ್ವಿಚ್ ಬೋರ್ಡಿನಲ್ಲಿ ಮೂರನೆಯದನ್ನು ಟಪ್ ಎಂದು ಕೆಳಗೆ ಎಳೆದಳು. ಮರುಕ್ಷಣವೇ ಟಾಯ್ಲೆಟ್ಟಿನೊಳಗಿಂದ ಅಮ್ಮ ಕೂಗಿದಳು.

"ರೀ! ನಾನು ಒಳಗಿದ್ದೀನಿ! ಲೈಟ್ ಹೋಯ್ತು!"

"ಒಂದೇ ಒಂದು ಹಾಡು ಕಣೇ, ಸ್ವಲ್ಪ ತಡ್ಕೋ!"

"ಕರೆಂಟಲ್ಲಿ ಬೆಚ್ಚಗಾಗೋ ಸೀಟು ಬೇರೆ ಐಸ್ ಆಗ್ತಿದೆ! ಇದು ಫೆಬ್ರವರಿ ತಿಂಗಳು, ನಿಮಗೆ ನೆನಪಿರಲಿ!"

ಚಿಹಾರು ಬಾಯಿ ಮುಚ್ಚಿಕೊಂಡು ನಕ್ಕಳು. ಅಪ್ಪ ನಗಲಿಲ್ಲ. ಅವನ ಕೈಯಲ್ಲಿ ಬಿಳಿ ಪೆಟ್ಟಿಗೆಯೊಂದಿತ್ತು. ಬಟ್ಟೆ ಸೋಪಿನಷ್ಟು ಗಾತ್ರ, ಹಿಂದೆ ಎರಡು ಪಿನ್ನು. ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು, ಮನೆಯ ಕರೆಂಟಿನಲ್ಲಿರುವ ಕೊಳೆಯನ್ನೆಲ್ಲ ತೊಳೆದು ಹಾಡನ್ನು ಫಳಫಳ ಹೊಳೆಯುವಂತೆ ಮಾಡುತ್ತದಂತೆ. ಹಾಗೆಂದು ಅದರ ಡಬ್ಬಿಯ ಮೇಲೆ ಬರೆದಿತ್ತು. ಮೂರು ವಾರದಲ್ಲಿ ಮನೆಗೆ ಬಂದ ಮೂರನೇ ಪೆಟ್ಟಿಗೆ ಇದು. ಮೂರನ್ನೂ ಸ್ಟೇಷನ್ ಹತ್ತಿರ ರೇಡಿಯೊ ಅಂಗಡಿ ಇಟ್ಟುಕೊಂಡಿರುವ ಕುರಮೊಚಿ ತಾತ, "ಹಾಕಿ ನೋಡಿ ವಾಪಸ್ ಕೊಡು" ಎಂದು ಕೊಟ್ಟಿದ್ದರು.

ಅವರಿದ್ದದ್ದು ಹಿಗಾಶಿ ಒಸಾಕಾದ ಒಂದು ಇಕ್ಕಟ್ಟಾದ ಬೀದಿಯಲ್ಲಿ. ಎಡಕ್ಕೆ ಸ್ಕ್ರೂ ಮಾಡುವ ಶೆಡ್ಡು, ಬಲಕ್ಕೆ ಸ್ಪ್ರಿಂಗ್ ಮಾಡುವ ಶೆಡ್ಡು, ಎದುರಿಗೇ ಅಪ್ಪ ಮೂವತ್ತು ವರ್ಷದಿಂದ ತಗಡು ಒತ್ತುತ್ತಿರುವ ಪ್ರೆಸ್ಸು. ಸೋಮವಾರದಿಂದ ಶನಿವಾರದವರೆಗೆ ಬೀದಿಯೆಲ್ಲ ಧಡ್ ಧಡ್ ಎಂದು ಕುಣಿಯುತ್ತಿತ್ತು. ಅಷ್ಟೊಂದು ಮೆಷಿನ್‌ಗಳು ಒಂದೇ ತಂತಿಯಿಂದ ಕರೆಂಟು ಕುಡಿದರೆ ಅದು ಕೊಳಕಾಗದೆ ಇರುತ್ತದೆಯೇ? ಭಾನುವಾರ ಬೆಳಿಗ್ಗೆಯ ಕರೆಂಟೇ ಶುದ್ಧ ಎನ್ನುವುದು ಅಪ್ಪನ ನಂಬಿಕೆ.

ಕರೆಂಟಿನ ವಿಷಯ ಚಿಹಾರುಗೆ ಗೊತ್ತಿರಲಿಲ್ಲ. ಆದರೆ ಭಾನುವಾರ ಬೆಳಿಗ್ಗೆಯ ಅಪ್ಪ ಮಾತ್ರ ನಿಜವಾಗಿಯೂ ಬೇರೆಯೇ. ಉಳಿದ ಆರು ದಿನ ಅಪ್ಪ ಬಂದು, ಸ್ನಾನ ಮಾಡಿ, ಊಟ ಮಾಡುತ್ತಾ ಮಾಡುತ್ತಾ ತೂಕಡಿಸುತ್ತಿದ್ದ. ಭಾನುವಾರ ಮಾತ್ರ ಪಕ್ಕದಲ್ಲಿ ಒಂದು ದಿಂಬು ಹಾಕಿ, "ಬಾ ಚಿಹಾ, ಕೂತ್ಕೋ" ಎಂದು ಕರೆಯುತ್ತಿದ್ದ. ಆ ದಿಂಬಿನ ಮೇಲೆ ಬೇರೆ ಯಾರೂ ಕೂರುವಂತಿರಲಿಲ್ಲ.

ಅಪ್ಪ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ. ತುಸು ಒರಟು ಕಂಠದ ಹೆಂಗಸೊಬ್ಬಳು ನಿಧಾನವಾಗಿ ಹಾಡತೊಡಗಿದಳು. ಅಪ್ಪ ಪೆಟ್ಟಿಗೆ ಸಿಕ್ಕಿಸಿ ಒಮ್ಮೆ ಹಾಡು ಹಾಕಿದ, ಕಿತ್ತು ಒಮ್ಮೆ ಹಾಕಿದ. ಪೆಟ್ಟಿಗೆಯನ್ನು ಅಡುಗೆಮನೆಯ ಪ್ಲಗ್ಗಿಗೆ ಒಯ್ದು ಇನ್ನೊಮ್ಮೆ ಹಾಕಿದ.

"ಹೇಳು ಪುಟ್ಟಾ, ಯಾವುದು ಚೆನ್ನಾಗಿತ್ತು?"

ಚಿಹಾರುಗೆ ಎಲ್ಲವೂ ಒಂದೇ ಥರ ಕೇಳಿಸಿತ್ತು. ಮೊದಲ ಪೆಟ್ಟಿಗೆ ಬಂದ ದಿನವೂ ಹಾಗೇ ಆಗಿತ್ತು. ಆದರೆ ಅಪ್ಪ ಅಷ್ಟು ಆಸೆಯಿಂದ ಮುಖ ನೋಡುತ್ತಿರುವಾಗ "ಎಲ್ಲಾ ಒಂದೇ" ಎನ್ನುವುದು ಹೇಗೆ?

"ಪೆಟ್ಟಿಗೆ ಸಿಕ್ಕಿಸಿದಾಗ ಚೆನ್ನಾಗಿತ್ತು ಅಪ್ಪ. ಕ್ಲಿಯರ್ ಆಗಿತ್ತು."

"ಹೌದಾ? ನಿಜವಾಗ್ಲೂ?" ಅಪ್ಪನ ಮುಖ ಅರಳಿತು. ಆಮೇಲೆ ಹಾಗೇ ಬಾಡಿತು. "ನಿನಗೆ ಕ್ಲಿಯರ್ ಆಗಿದೆ ಅಂದ್ರೆ ಪೆಟ್ಟಿಗೆ ಕೆಲಸ ಮಾಡ್ತಿದೆ. ಆದ್ರೂ ಅದು ಬರ್ತಾ ಇಲ್ವಲ್ಲ..."

"ಯಾವುದು?" ಎಂದು ಚಿಹಾರು ಕೇಳುವಷ್ಟರಲ್ಲಿ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಹಿಟ್ಟಿನ ಪಾತ್ರೆ, ಇನ್ನೊಂದರಲ್ಲಿ ಆಕ್ಟೋಪಸ್ ಹಾಕಿದ ಪಡ್ಡಿನಂಥ ತಕೊಯಾಕಿ ಸುಡುವ ಕರೆಂಟಿನ ಗುಳಿತಟ್ಟೆ.

"ಇದನ್ನ ಪ್ಲಗ್ಗಿಗೆ ಹಾಕಬಹುದೋ, ಇಲ್ಲಾ ನಿಮ್ಮ ರೆಕಾರ್ಡಿನ ಅಮ್ಮಾವ್ರ ಹಾಡು ಮುಗಿಯೋವರೆಗೂ ನಾವು ಹಸಿ ಆಕ್ಟೋಪಸ್ ತಿನ್ಕೊಂಡಿರಬೇಕೋ?"

ಊಟವಾದ ಮೇಲೆ ಅಪ್ಪ ಕುರಮೊಚಿ ತಾತನಿಗೆ ಫೋನ್ ಮಾಡಿದ. ಚಿಹಾರು ಗುಳಿತಟ್ಟೆ ಒರೆಸುತ್ತಾ ಕೇಳಿಸಿಕೊಂಡಳು.

"ಇಲ್ಲ ಕುರಮೊಚಿಯವರೇ, ಮೂರನೇ ಪೆಟ್ಟಿಗೇಲೂ ಬರ್ಲಿಲ್ಲ. ಆ ಮೂರನೇ ಹಾಡಿದೆಯಲ್ಲ, ಅವಳು ಸಾಲು ಮುಗಿಸಿ ಉಸಿರು ಬಿಡ್ತಾಳಲ್ಲ, ಅಲ್ಲಿ ಹಿಂದಿನಿಂದ ಟ್ರಯಾಂಗಲ್ ಒಂದು ಟಿಣ್ ಅನ್ನುತ್ತೆ. ಆ ಟಿಣ್ ಕೇಳಿದ್ರೆ ನನಗೆ ವಾರದ ಸುಸ್ತೆಲ್ಲ ಇಳಿದುಹೋಗ್ತಿತ್ತು. ಮುಳ್ಳು ಬದಲಾಯಿಸಿದೆ, ವೈರ್ ಬದಲಾಯಿಸಿದೆ... ಈ ಬೀದಿ ಕರೆಂಟು ಅದನ್ನ ನುಂಗಿಬಿಟ್ಟಿದೆ. ಸಾಕಾಯ್ತು. ಬರೋ ಭಾನುವಾರ ವ್ಯಾನ್ ತಂದು ಈ ರೆಕಾರ್ಡ್ ಸೆಟ್ಟನ್ನೇ ತಗೊಂಡು ಹೋಗಿಬಿಡಿ. ಒಳ್ಳೇ ಕರೆಂಟು ಇರೋ ಮನೆಯವರಿಗೆ ಯಾರಿಗಾದ್ರೂ ಕೊಡಿ."

ಚಿಹಾರುವಿನ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ಸೆಟ್ಟು ಹೋದರೆ ಭಾನುವಾರ ಇನ್ನೇನು ಉಳಿಯಿತು? ಅಪ್ಪ ಆ ದಿನವೂ ತೂಕಡಿಸುತ್ತಾನೆ. ದಿಂಬು ಬೀರು ಸೇರುತ್ತದೆ.

ಇನ್ನೊಂದು ವಿಷಯವಂತೂ ಅವಳಿಗೆ ಅರ್ಥವೇ ಆಗಲಿಲ್ಲ. ಟಿಣ್ ಬರುತ್ತಿಲ್ಲ ಎಂದರೆ? ಟಿಣ್ ಬರುತ್ತಿತ್ತಲ್ಲ! ಹಾಡಿನಲ್ಲಿ ಐದು ಸಲ ಬರುತ್ತಿತ್ತು. ಸ್ಕೂಲಿನ ಮ್ಯೂಸಿಕ್ ರೂಮಿನಲ್ಲಿರುವ, ಕಡ್ಡಿಯಿಂದ ಬಡಿಯುವ ಮೂರು ಮೂಲೆಯ ಟ್ರಯಾಂಗಲ್ಲಿಗಿಂತ ಚೆನ್ನಾಗಿ ಬರುತ್ತಿತ್ತು.

"ಅಮ್ಮಾ, ನಿನಗೆ ಆ ಟಿಣ್ ಕೇಳಿಸುತ್ತಾ?"

"ನಾನೆಲ್ಲಿ ಅದನ್ನ ಕೇಳ್ತಾ ಕೂತಿರ್ತೀನಿ? ಬೆಳಕಿರೋ ಟಾಯ್ಲೆಟ್ಟಿಗೆ ಹೋದ್ರೆ ಸಾಕಾಗಿದೆ ನನಗೆ," ಎಂದಳು ಅಮ್ಮ.

ಗುರುವಾರ ಅಪ್ಪನಿಗೆ ನೆಗಡಿ ಹಿಡಿಯಿತು. ಕೆಲಸಕ್ಕೆ ಹೋಗಲಿಲ್ಲ. ಕಂಬಳಿ ಹೊದ್ದು, ಕೆಂಪು ಮೂಗು ಮಾತ್ರ ಹೊರಗಿಟ್ಟುಕೊಂಡು ಮಲಗಿದ್ದ. ಚಿಹಾರು ದಿನಾ ಬೆಳಿಗ್ಗೆಯಂತೆ ತನ್ನ ಟೆಂಪರೇಚರ್ ನೋಡಿಕೊಂಡು ಸ್ಕೂಲಿನ ಹೆಲ್ತ್ ಕಾರ್ಡಿನಲ್ಲಿ ಬರೆದು, ಥರ್ಮಾಮೀಟರನ್ನು ಅಪ್ಪನ ಕಂಕುಳಿಗೆ ಸಿಕ್ಕಿಸಿದಳು.

ಸ್ವಲ್ಪ ಹೊತ್ತಿಗೆ ಅದು ಪಿಪಿಪಿ, ಪಿಪಿಪಿ ಎಂದಿತು. ಅಪ್ಪ ಅಲ್ಲಾಡಲಿಲ್ಲ. ಸದ್ದು ನಿಂತಿತು. ಆಗಲೂ ಅವನು ಕೈ ಬಿಗಿಯಾಗಿ ಹಿಡಿದುಕೊಂಡೇ ಇದ್ದ.

"ಎಷ್ಟಾಯ್ತು?" ಅಡುಗೆಮನೆಯಿಂದ ಅಮ್ಮ ಕೂಗಿದಳು.

"ಇನ್ನೂ ಆಗಿಲ್ಲ," ಎಂದ ಅಪ್ಪ.

"ಆಗ್ಲೇ ಪಿಪಿ ಅಂತಲ್ರೀ! ನನಗೇ ಇಲ್ಲಿಗೆ ಕೇಳಿಸ್ತು!"

"ಎಲ್ಲಿ ಅಂತು? ನಾನೇನು ಕಿವುಡನಾ? ಬ್ಯಾಟರಿ ಹೋಗಿರಬೇಕು ಇದರದ್ದು."

ಚಿಹಾರು ಕೈ ಚಾಚಿ ಥರ್ಮಾಮೀಟರನ್ನು ಹೊರಗೆಳೆದಳು. ಬ್ಯಾಟರಿ ಸರಿಯಾಗಿತ್ತು. ಮೂವತ್ತೇಳು ಪಾಯಿಂಟ್ ಎಂಟು ಎಂದು ತೋರಿಸುತ್ತಿತ್ತು. ಅವಳು ಅದನ್ನೇ ದಿಟ್ಟಿಸಿ ನೋಡಿದಳು, ಆಮೇಲೆ ಅಪ್ಪನ ಕಿವಿ ನೋಡಿದಳು.

ಸ್ಕೂಲಿನಲ್ಲಿ ಅವತ್ತು ಒಂದು ಪಾಠವೂ ತಲೆಗೆ ಹೋಗಲಿಲ್ಲ. ಕೊಳಕಾಗಿದ್ದದ್ದು ಕರೆಂಟಲ್ಲ; ಅಪ್ಪನ ಕಿವಿಗೇ ಟಿಣ್, ಪಿಪಿಯಂಥ ಸಣ್ಣ ಸದ್ದು ಬೀಳುತ್ತಿರಲಿಲ್ಲ. ಮೂರಲ್ಲ, ಮುನ್ನೂರು ಪೆಟ್ಟಿಗೆ ತಂದರೂ ಟಿಣ್ ಅಪ್ಪನ ಹತ್ತಿರ ಬರುವುದಿಲ್ಲ. ಆದರೆ ಇದನ್ನು ಅಪ್ಪನಿಗೆ ಯಾರು ಹೇಳುತ್ತಾರೆ? ಪ್ರೆಸ್ಸಿನ ಸದ್ದು ಕೇಳಿಯೇ ಅಚ್ಚು ಕೂದಲೆಳೆಯಷ್ಟು ಸರಿದಿದೆ ಎಂದು ಕಂಡುಹಿಡಿಯುವ ಅಪ್ಪ. ಅವನ ಕಿವಿಯನ್ನು ಬೀದಿಯವರೆಲ್ಲ ಹೊಗಳುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, "ಕ್ಲಿಯರ್ ಆಗಿದೆ" ಎಂದು ಮೂರು ಸಲ ಸುಳ್ಳು ಹೇಳಿದವಳು ತಾನೇ. ಅವತ್ತೇ ನಿಜ ಹೇಳಿದ್ದರೆ ಅಪ್ಪ ಇಷ್ಟು ದಿನ ಪ್ಲಗ್ಗಿನಿಂದ ಪ್ಲಗ್ಗಿಗೆ ಅಲೆಯುತ್ತಿರಲಿಲ್ಲ.

ಶುಕ್ರವಾರ ಹೇಳೋಣ ಎಂದುಕೊಂಡಳು, ಅಪ್ಪ ಕೆಮ್ಮುತ್ತಿದ್ದ. ಶನಿವಾರ ಹೇಳೋಣ ಎಂದುಕೊಂಡಳು, ಅಪ್ಪ ರೆಕಾರ್ಡುಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ತುಂಬುತ್ತಿದ್ದ. ಬೆನ್ನು ಅವಳ ಕಡೆಗಿತ್ತು. ಆ ಬೆನ್ನು ನೋಡಿ ಅವಳು ಬಾಗಿಲಿಂದಲೇ ಹಿಂದಿರುಗಿದಳು.

ಭಾನುವಾರ ಹತ್ತು ಗಂಟೆಗೆ ಕುರಮೊಚಿ ತಾತನ ವ್ಯಾನ್ ಬಂತು. ತಾತ ಚಳಿಗೆ ಮೂರು ಸ್ವೆಟರ್ ಹಾಕಿಕೊಂಡು ಉರುಟುರುಟಾಗಿದ್ದರು. ಅಪ್ಪ ಒಂದು ಸ್ಪೀಕರಿನ ವೈರ್ ಬಿಚ್ಚಿದ. ಇನ್ನೊಂದಕ್ಕೆ ಕೈ ಹಾಕಿದ.

"ಟಿಣ್ ಬರ್ತಿದೆ!"

ಅಷ್ಟು ಜೋರಾಗಿ ಕೂಗಬೇಕೆಂದು ಚಿಹಾರು ಅಂದುಕೊಂಡಿರಲಿಲ್ಲ. ಎಲ್ಲರೂ ತಿರುಗಿ ನೋಡಿದರು.

"ಬರ್ತಿದೆ ಅಪ್ಪ. ಐದು ಸಲ ಬರುತ್ತೆ. ನನಗೆ ಕೇಳಿಸುತ್ತೆ."

"ಮೂರನೇ ಪೆಟ್ಟಿಗೆ ಹಾಕಿದ ಮೇಲಾ?" ಅಪ್ಪ ಎದ್ದು ನಿಂತ.

"ಇಲ್ಲ. ಮೊದಲಿಂದಾನೂ. ಪೆಟ್ಟಿಗೆ ಇಲ್ದೇ ಇದ್ದಾಗ್ಲೂ. ನನಗೆ ಎಲ್ಲಾ ಒಂದೇ ಥರ ಕೇಳಿಸಿದ್ದು. ನಾನು ಸುಳ್ಳು ಹೇಳಿದೆ. ನೀನು... ನೀನು ಅಷ್ಟು ಖುಷಿಯಾಗಿ ಕೇಳ್ತಿದ್ದೆ, ಅದಕ್ಕೆ." ಕಣ್ಣೀರು ಮೂಗಿನ ತುದಿಗೆ ಬಂದು ನಿಂತಿತು. ಅವಳು ತೋಳಿನಿಂದ ಒರೆಸಿಕೊಂಡಳು. "ಥರ್ಮಾಮೀಟರ್ ಬ್ಯಾಟರೀನೂ ಸರಿಯಾಗೇ ಇದೆ ಅಪ್ಪ."

ಅಪ್ಪ ಕೈಯಲ್ಲಿದ್ದ ವೈರನ್ನು ನೋಡಿದ. ಎದುರಿಗಿದ್ದ ಪ್ರೆಸ್ಸಿನ ಕಡೆ ಕಿಟಕಿಯಿಂದ ನೋಡಿದ. ನಿಧಾನವಾಗಿ ಕೈ ಎತ್ತಿ ತನ್ನ ಬಲಗಿವಿಯನ್ನು ಮುಟ್ಟಿಕೊಂಡ. ಚಿಹಾರುಗೆ ಅಯ್ಯೋ ಎನಿಸಿತು, ಹೇಳಿದ್ದನ್ನೆಲ್ಲ ವಾಪಸ್ ನುಂಗಿಬಿಡೋಣ ಎನಿಸಿತು.

ಆಗ ಕುರಮೊಚಿ ತಾತ ಗಂಟಲು ಸರಿಮಾಡಿಕೊಂಡರು.

"ನನಗೂ ಟಿಣ್ ಕೇಳಿಸದೆ ಹದಿನೈದು ವರ್ಷ ಆಯ್ತು ಕಣಪ್ಪಾ."

"ಏನು?" ಅಪ್ಪ ಬೆಚ್ಚಿ ತಿರುಗಿದ. "ಮತ್ತೆ ಅಂಗಡೀಲಿ ಈ ಪೆಟ್ಟಿಗೆ ಹಾಕಿ ತೋರಿಸಿದಾಗ ಆಹಾ ಆಹಾ ಅಂತ ತಲೆ ಆಡಿಸ್ತಿದ್ರಲ್ಲ ನೀವು!"

"ನೀನು ಆಡಿಸ್ತಿದ್ದೆ. ನೀನು ಅಷ್ಟು ತಲೆ ಆಡಿಸ್ತಿರೋವಾಗ ನನಗೆ ಕೇಳಿಸ್ತಿಲ್ಲ ಅಂದ್ರೆ ನಿನಗೆ ಬೇಜಾರಾಗಲ್ವಾ? ಅದಕ್ಕೆ ನಾನೂ ಆಡಿಸಿದೆ."

"ನೀವು ಆಡಿಸ್ತಿದ್ರಿ ಅಂತ ಅಲ್ವೇ ನಾನು ಆಡಿಸಿದ್ದು!"

ಇಬ್ಬರೂ ಒಬ್ಬರನ್ನೊಬ್ಬರು ಮಿಕಿಮಿಕಿ ನೋಡಿದರು. ಮೊದಲು ನಕ್ಕವಳು ಅಮ್ಮ. ಗೋಡೆ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದಕ್ಕಾ ರೀ, ಮೂರು ವಾರದಿಂದ ನನ್ನನ್ನ ಕತ್ತಲಲ್ಲಿ ಕೂರಿಸಿದ್ದು!" ತಾತನೂ ನಕ್ಕರು. ಅಪ್ಪನ ತುಟಿ ಅಳುವುದೋ ನಗುವುದೋ ಎಂದು ಸ್ವಲ್ಪ ಹೊತ್ತು ಒದ್ದಾಡಿತು. ಕೊನೆಗೆ ಅವನೂ ನಕ್ಕ, ಆದರೆ ಸಣ್ಣಗೆ.

"ನಾಳೆ ಕಿವಿ ಡಾಕ್ಟರ್ ಹತ್ರ ಹೋಗೋಣ," ಎಂದಳು ಅಮ್ಮ, ನಗು ನಿಲ್ಲಿಸಿ. "ನಾನೂ ಜೊತೆಗೆ ಬರ್ತೀನಿ."

"ಹೂಂ," ಎಂದ ಅಪ್ಪ.

ಅವನು ಮಂಡಿಯೂರಿ ಕುಳಿತು, ಬಿಚ್ಚಿದ್ದ ವೈರನ್ನು ಮತ್ತೆ ಸ್ಪೀಕರಿಗೆ ಸಿಕ್ಕಿಸಿದ. ಮೂರು ಬಿಳಿ ಪೆಟ್ಟಿಗೆಗಳನ್ನೂ ತಾತನ ಕೈಗೆ ಕೊಟ್ಟ. ಡಬ್ಬಿಯಿಂದ ಆ ರೆಕಾರ್ಡನ್ನು ಹೊರತೆಗೆದು ಮುಳ್ಳು ಇಳಿಸಿದ. ಫ್ರಿಜ್ ಗುಂಯ್ ಎನ್ನುತ್ತಿತ್ತು. ಯಾರೂ ಅದನ್ನು ಆಫ್ ಮಾಡಲಿಲ್ಲ.

"ಬಾ ಚಿಹಾ, ಕೂತ್ಕೋ. ಟಿಣ್ ಬಂದಾಗ ನನಗೆ ತೋರಿಸು."

ಅಪ್ಪ ಅಂಗೈ ಚಾಚಿದ. ವರ್ಷಗಟ್ಟಲೆ ತಗಡು ಹಿಡಿದು ಒರಟಾದ ಅಂಗೈ. ಚಿಹಾರು ಅದರ ಮೇಲೆ ತೋರುಬೆರಳಿಟ್ಟು ಕುಳಿತಳು. ಮೂರನೇ ಹಾಡು ಶುರುವಾಯಿತು. ಆ ಹೆಂಗಸು ಮೊದಲ ಸಾಲು ಮುಗಿಸಿ ಉಸಿರು ಬಿಟ್ಟಳು.

ಟಿಣ್.

ಚಿಹಾರು ಅಂಗೈಯನ್ನು ಮೆಲ್ಲಗೆ ತಟ್ಟಿದಳು. ಅಪ್ಪ ಕಣ್ಣು ಮುಚ್ಚಿಕೊಂಡ. ಎರಡನೇ ಸಾಲು ಮುಗಿಯಿತು. ಅವಳು ಮತ್ತೆ ತಟ್ಟಿದಳು.

ಮೂರನೇ ಸಲ ತಟ್ಟಲು ಬೆರಳೆತ್ತಿದಾಗ ಅವಳ ಕಣ್ಣು ಅಪ್ಪನ ಮುಖದ ಮೇಲಿತ್ತು. ಬೆರಳು ಕೆಳಗಿಳಿಯುವ ಮೊದಲೇ ಅಪ್ಪನ ತುಟಿಯಂಚು ಮೇಲೇರಿತ್ತು. ಚಿಹಾರುಗೆ ಅನುಮಾನ ಬಂತು. ನಾಲ್ಕನೇ ಸಾಲಿಗೆ ಅವಳು ಬೇಕೆಂದೇ ಬೆರಳನ್ನು ಗಾಳಿಯಲ್ಲೇ ಹಿಡಿದಳು. ಟ್ರಯಾಂಗಲ್ ಟಿಣ್ ಎಂದಿತು. ಸರಿಯಾಗಿ ಅದೇ ಕ್ಷಣಕ್ಕೆ ಅಪ್ಪನ ತಲೆ ಸಣ್ಣಗೆ ಆಡಿತು.

ಅದು ಎಲ್ಲಿ ಬರುತ್ತದೆಂದು ಅಪ್ಪನಿಗೆ ಗೊತ್ತಿತ್ತು. ಕಿವಿಗೆ ಬೀಳದಿದ್ದರೂ ಹಾಡು ಪೂರ್ತಿಯಾಗಿ ಅವನೊಳಗೆ ಇತ್ತು. ಹಾಗಾದರೆ ತಾನು ತಟ್ಟಬೇಕಾದದ್ದೇ ಇಲ್ಲ ಎನಿಸಿ ಚಿಹಾರು ಮೆಲ್ಲಗೆ ಕೈ ತೆಗೆಯಲು ಹೋದಳು.

ಅಪ್ಪ ಕಣ್ಣು ಮುಚ್ಚಿಕೊಂಡೇ ಅಂಗೈಯನ್ನು ಅವಳ ಕಡೆಗೆ ಇನ್ನಷ್ಟು ಚಾಚಿದ.

ಐದನೇ ಸಾಲು ಶುರುವಾಗಿತ್ತು. ಚಿಹಾರು ಬೆರಳೆತ್ತಿ ಕಾಯತೊಡಗಿದಳು.