ಬಸುವಿನ ಖಾತೆ ಅಳಿಸಿದವಳು

"ಮೇಡಂ, ಲಾಗಿನ್ ಆಗವಲ್ದು... ನನ್ನ ನಕ್ಷೆ ಎಲ್ಲಾ ಅದರಾಗ ಅದಾವ್ರಿ!"

ಟೇಬಲ್ಲಿನ ಮುಂದೆ ನಿಂತವನ ಗಾಬರಿ ಕಂಡು ಪ್ರಿಯಂವದಾ ಕಂಪ್ಯೂಟರಿನತ್ತ ತಿರುಗಿದಳು.

ಜೀವನ್ ಬಿಮಾ ನಗರದ ಆ ಪುಟ್ಟ ನಕ್ಷೆ ಕಚೇರಿಯಲ್ಲಿ ಎಲ್ಲರ ಕೆಲಸ ಇಡುವ ಲಿನಕ್ಸ್ ಸರ್ವರ್ ನೋಡಿಕೊಳ್ಳುವವಳು ಅವಳೇ. ಎದುರಿಗೆ ನಿಂತಿದ್ದ ಯಾದಗಿರಿಯ ಬಸು ಆರು ತಿಂಗಳು ಕೆ.ಆರ್. ಪುರದ ಗಲ್ಲಿಗಲ್ಲಿ ಅಲೆದು ಚರಂಡಿಗಳ ನಕ್ಷೆ ಮಾಡಿದ್ದ. ಎಲ್ಲವೂ ಸರ್ವರಿನಲ್ಲಿ ಅವನ ಕಡತಗಳಿಗೆಂದೇ ಇದ್ದ ಹೋಮ್ ಡೈರೆಕ್ಟರಿಯಲ್ಲಿತ್ತು.

ಕೆಲಸ ಬಿಟ್ಟದ್ದು ಇನ್ನೊಬ್ಬ ಬಸು; ಅಳಿಸಬೇಕಿದ್ದದ್ದು ಅವನ ಖಾತೆ. ಬೆಳಿಗ್ಗೆ ಆತುರದಲ್ಲಿ ಅವಳು ಅಳಿಸಿದ್ದು ಈ ಬಸುವಿನ ಖಾತೆಯನ್ನು... ಹೋಮ್ ಡೈರೆಕ್ಟರಿ ಸಮೇತ! ಬ್ಯಾಕಪ್ ನಿಂತು ತಿಂಗಳುಗಳಾಗಿದ್ದವು. ಅದೂ ಅವಳದೇ ಅಲಕ್ಷ್ಯ.

ಅದೇ ಹೆಸರಿನ ಹೊಸ ಖಾತೆ ತೆರೆದಳು. ಒಳಗೆ ಏನೂ ಇರಲಿಲ್ಲ.

"ನೀವೇ ಡಿಲೀಟ್ ಮಾಡ್ಬಿಟ್ಟಿರ್ಬೇಕು," ಎಂದುಬಿಟ್ಟಳು.

ಕಚೇರಿಯ ಮುಖ್ಯಸ್ಥ ಸಂಜೀವಪ್ಪ ಎಲ್ಲರೆದುರು ಬಸುವನ್ನು ಬೈದರು. "ತಪ್ಪಾತ್ರಿ ಸರ್," ಎಂದು ಅವನು ತಲೆ ತಗ್ಗಿಸಿದ.

ಮಾರನೆಯ ದಿನದಿಂದ ಮತ್ತೆ ಬಿಸಿಲಲ್ಲಿ ಅಲೆದಾಟ. ಮೂರನೆಯ ಸಂಜೆ ಬಸು ಕಪ್ಪಿಟ್ಟ ಮುಖದಲ್ಲೇ ಅವಳ ಬಳಿ ಬಂದು, "ನನ್ನಿಂದ ನಿಮಗ ಸುಮ್ನೆ ತ್ರಾಸಾತ್ರಿ," ಎಂದ.

ಛೀ... ನಾನೆಂಥವಳು!

ಅವಳು ಎದ್ದು ಎಲ್ಲರೆದುರೇ ಸಂಜೀವಪ್ಪನವರ ಮುಂದೆ ನಿಂತಳು. "ಸರ್, ಬಸು ಏನೂ ಮಾಡಿಲ್ಲ. ಅಳಿಸಿದ್ದು ನಾನು. ಸುಳ್ಳು ಹೇಳಿದ್ದೂ ನಾನೇ."

ಬಸು ಹೊರನಡೆದ.

ಆ ಭಾನುವಾರ ನೋಟ್‌ಬುಕ್ ಹಿಡಿದು ಅವಳು ಕೆ.ಆರ್. ಪುರಕ್ಕೆ ಹೋದಳು. ಅವನು ಅಳೆದು ಅಂಕಿ ಹೇಳಿದ, ಅವಳು ಬರೆದುಕೊಂಡಳು. ಬೇರೆ ಮಾತಿಲ್ಲ. ವಾರವಿಡೀ ಅವನೊಬ್ಬನೇ, ಭಾನುವಾರ ಇಬ್ಬರೂ; ಹಾಗೇ ಎಂಟು ಭಾನುವಾರ ಕಳೆದವು.

ಒಂಬತ್ತನೆಯ ಭಾನುವಾರ ಉಳಿದಿದ್ದದ್ದು ಕೊನೆಯ ಗಲ್ಲಿ. ಅವಳಿಗೆ ತಡೆಯಲಾಗಲಿಲ್ಲ.

"ನನ್ನ ಮುಖ ನೋಡೋಕೂ ನಿಮ್ಗೆ ಇಷ್ಟ ಇಲ್ಲ ಅಲ್ವಾ?"

"ನೋಡಿದ್ರ ಸಿಟ್ಟು ಹೋಗಿಬಿಡ್ತೈತ್ರಿ. ಅದಕ್ಕ ನೋಡಿಲ್ಲ."

ಅವಳು ತಲೆ ತಗ್ಗಿಸಿದಳು. "ನಿಮ್ಮನ್ನ ಇಷ್ಟಪಡೋ ಯೋಗ್ಯತೆ ನಂಗಿಲ್ಲ, ಬಸು. ಆದ್ರೂ... ಇಷ್ಟಪಟ್ಬಿಟ್ಟಿದ್ದೀನಿ."

ಅವನು ಅಳತೆ ಟೇಪು ಕೆಳಗಿಟ್ಟ.

"ಮುಂದಿನ ಭಾನುವಾರ ಕೆಲಸ ಇರೂದಿಲ್ಲ. ಆದ್ರೂ ಬರ್ತೀರೇನು?"

"ಬರ್ತೀನಿ..."

"ಹಂಗಾರ ತಲಿ ಎತ್ರಿ, ಪ್ರಿಯಾ. ನಾನೂ ನಿಮ್ಮ ಮುಖ ನೋಡಬೇಕಲ್ಲ."