ವಿಷಗಂಗಿಯ ಮನೆಯ ನೀರು

"ವಿಷಗಂಗಿ ಬಂದ್ಲು!" ಎಂದು ಹುಡುಗಿಯೊಬ್ಬಳು ಕಾರ್ಡನ್ನು ಮೇಜಿನ ಮೇಲೆ ಬಡಿದಳು. ದಾವಣಗೆರೆಯ ಸಭಾಂಗಣದಲ್ಲಿ ಕೂತಿದ್ದ ಮಕ್ಕಳೆಲ್ಲ ಹೋ ಎಂದು ಕೂಗಿದರು. ಹುಡುಗಿ ಕಾರ್ಡಿನ ಹತ್ತಿರ ಬಾಗಿ ಕತೆ ಶುರು ಮಾಡಿದಳು: "ಇವಳು ಊರಿನ ನೀರು ಕಾಯೋಳು. ಕತ್ತಲಾಯ್ತು ಅಂದ್ರೆ ಟ್ಯಾಂಕಿಗೆ ಇಳಿದು ವಿಷದ ಕೂದಲು ತೊಳೀತಾಳೆ..." ಅವಳು ಹೇಳುತ್ತಿದ್ದ ಹಾಗೆಯೇ ಕಾರ್ಡಿನ ಮೂಲೆಯಲ್ಲಿದ್ದ ಬಲದ ಅಂಕಿ ಸರಸರ ಏರಿತು. ಎದುರಾಳಿಯ ಕೋಟೆ ಬಿತ್ತು.

ಹಿಂದಿನ ಸಾಲಿನಲ್ಲಿದ್ದ ಡಾಕ್ಟರ್ ಸಿಂಚನಾಗೆ ಹೆಮ್ಮೆಯೋ ಹೆಮ್ಮೆ. ಇರದೆ ಏನು? 2060ರ ಆ ಬೇಸಿಗೆಯಲ್ಲಿ ನಾಡಿನ ಮಕ್ಕಳನ್ನೆಲ್ಲ ಹಿಡಿದು ಕೂರಿಸಿದ್ದ 'ಏಳುಕೋಟೆ' ಆಟ ಅವಳದೇ ಕೂಸು. ಹಳೆಯ ಕಾಲದ ಕಾರ್ಡುಗಳಲ್ಲಿ ಬಲ ಅಚ್ಚಾಗಿಯೇ ಬರುತ್ತಿತ್ತು. ಪಾತ್ರದ ಹಿನ್ನೆಲೆ ಕತೆ ಅಡಿಯಲ್ಲಿ ಎರಡು ಸಾಲು. ಓದಿದವರು ಓದಿದರು, ಬಿಟ್ಟವರು ಬಿಟ್ಟರು. ಸಿಂಚನಾಳ ಕಾರ್ಡಿನಲ್ಲಿ ಕತೆಯೇ ಬಲ. ಅವಲಕ್ಕಿಯಷ್ಟು ತೆಳ್ಳಗಿನ ಚಿಪ್ ಒಂದು ಆಟಗಾರರ ಮಾತನ್ನು ಕೇಳಿಸಿಕೊಳ್ಳುತ್ತಿತ್ತು. ಕತೆ ಬಾಯಿಂದ ಬಾಯಿಗೆ ಹಬ್ಬಿದಷ್ಟೂ ಕಾರ್ಡಿನ ಶಕ್ತಿ ಹೆಚ್ಚು. ಕಾರ್ಡುಗಳೆಲ್ಲ ಒಂದಕ್ಕೊಂದು ಸುದ್ದಿ ಮುಟ್ಟಿಸಿಕೊಂಡು, ಹೆಚ್ಚು ಜನ ಹೇಳಿದ್ದನ್ನೇ ನಿಜವೆಂದು ಇಟ್ಟುಕೊಳ್ಳುತ್ತಿದ್ದವು.

ಬಹುಮಾನ ಕೊಡುವಾಗ ಸಿಂಚನಾ ಹುಡುಗಿಯ ಬೆನ್ನು ತಟ್ಟಿದಳು. "ಎಷ್ಟು ಚೆಂದ ಹೇಳ್ತೀಯೇ! ಎಲ್ಲಿ ಕಲಿತೆ?"

"ಕಲಿಯೋದೇನು ಮ್ಯಾಮ್, ವಿಷಗಂಗಿ ನಮ್ಮ ಓಣಿಯಲ್ಲೇ ಇದಾಳಲ್ಲ! ಕೆನ್ನೆ ಮೇಲೆ ಸುಟ್ಟ ಕಲೆ, ಥೇಟ್ ಕಾರ್ಡಲ್ಲಿದ್ದ ಹಾಗೇ. ಮಜ್ಜಿಗೆ ಅಂಗಡಿ ಇಟ್ಟಿದ್ಲು. ಯಾರೂ ಕುಡೀತಿರಲಿಲ್ಲ, ಮುಚ್ಚಿಬಿಟ್ಲು."

ಸಿಂಚನಾ ಕಾರ್ಡನ್ನೆತ್ತಿ ಆ ಮುಖವನ್ನು ಮತ್ತೆ ನೋಡಿದಳು. ಕೊಟ್ರಕ್ಕ!

ಸಿಂಚನಾ ಬೆಳೆದ ಓಣಿಗೆ ನೀರು ಬಿಡುತ್ತಿದ್ದವಳು ಕೊಟ್ರಕ್ಕ. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಬರುತ್ತಿದ್ದಳು. ಒಂದು ಬೇಸಿಗೆ ಮಕ್ಕಳಿಗೆಲ್ಲ ವಾಂತಿಭೇದಿ ಹತ್ತಿದಾಗ, ಇವಳೇ ನೀರಿಗೆ ಏನೋ ಹಾಕಿದಳೆಂದು ಜನ ಮೈಮೇಲೆ ಬಿದ್ದರು. ಆಮೇಲೆ ಗೊತ್ತಾಯಿತು, ಒಡೆದ ಪೈಪಿಗೆ ಚರಂಡಿ ನೀರು ಸೇರಿತ್ತು. ಪೈಪ್ ಒಡೆದಿದೆ ಎಂದು ಮೊದಲು ಬಾಯಿ ಬಡಿದುಕೊಂಡವಳೂ ಕೊಟ್ರಕ್ಕನೇ. ಆಟಕ್ಕೊಬ್ಬಳು ಕೇಡಿಗಿತ್ತಿ ಬೇಕಾದಾಗ ಸಿಂಚನಾ ಅವಳ ಕೆನ್ನೆಯ ಕಲೆಯನ್ನೂ ಈ ಕತೆಯ ಮೊದಲರ್ಧವನ್ನೂ ಅಷ್ಟೇ ಎತ್ತಿಕೊಂಡಿದ್ದಳು. ಉಳಿದರ್ಧ ಸಪ್ಪೆ ಅನಿಸಿತ್ತು. ತಾನು ಊರು ಬಿಟ್ಟು ಎಷ್ಟೋ ವರ್ಷವಾಯಿತು, ಯಾರು ಗುರುತು ಹಿಡಿಯುತ್ತಾರೆ ಅಂದುಕೊಂಡಿದ್ದಳು. ಛೀ, ಎಂಥ ಬುದ್ಧಿ!

ಸಭಾಂಗಣದ ಮೂಲೆಯಲ್ಲೇ ಕೂತು ಕಾರ್ಡಿಗೆ ನಿಜ ಕತೆ ಹೇಳಿದಳು. ಅಂಕಿ ಅಲುಗಲಿಲ್ಲ. ಲಕ್ಷ ಬಾಯಿಗಳ ಎದುರು ಒಂದು ಬಾಯಿ. ನಿಯಮ ಬರೆದವಳೂ ಅವಳೇ. ಮರುದಿನ ವಿಷಗಂಗಿಯನ್ನು ಆಟದಿಂದಲೇ ತೆಗೆಸಿದಳು. ಮಕ್ಕಳು ಕಾರ್ಡಿಲ್ಲದೆಯೂ ಆ ಕತೆ ಹೇಳಿಕೊಂಡು ಓಡಾಡಿದರು. ಕೊನೆಗೆ ಸಿಂಚನಾ ಕೊಟ್ರಕ್ಕನ ಬಾಗಿಲಿಗೇ ಹೋದಳು.

"ಯಾರು, ಸಿಂಚುನಾ? ಬಾರೇ ಒಳಗೆ, ಎಷ್ಟು ದೊಡ್ಡೋಳಾಗಿದೀಯ!" ಮುದುಕಿಯ ಮುಖ ಅರಳಿತು. ಭೂಮಿ ಬಾಯಿಬಿಡಬಾರದೇ ಅನಿಸಿತು ಸಿಂಚನಾಗೆ.

"ಕೊಟ್ರಕ್ಕ, ಆ ಕಾರ್ಡು... ಮಾಡಿದ್ದು ನಾನು."

"ಗೊತ್ತು ಕಣವ್ವ. ಡಬ್ಬಿ ಮೇಲೆ ನಿನ್ನ ಫೋಟೋ ಐತಲ್ಲ." ಕೊಟ್ರಕ್ಕ ಸೆರಗಿನಿಂದ ಕುರ್ಚಿ ಒರೆಸಿದಳು. "ನಮ್ಮ ಓಣಿ ಹುಡುಗಿ ಅಂತ ನಾನೇ ಎಲ್ಲರಿಗೂ ತೋರಿಸಿದ್ದೆ. ಒಳಗಿರೋಳು ನಾನು ಅಂತ ಆಮೇಲೆ ತಿಳೀತು."

"ತಪ್ಪಾಯ್ತು. ಎಲ್ಲರ ಮುಂದೆ ನಿಂತು ನಿಜ ಹೇಳ್ತೀನಿ. ನೀವು ಏನೂ ಮಾಡಿಲ್ಲ ಅಂತ ನನಗಂತೂ ಗೊತ್ತಲ್ಲ!"

"ಹೇಳುವಿಯಂತೆ. ಬಿಸಿಲಲ್ಲಿ ಬಂದಿದೀಯ, ಮೊದಲು ನೀರು ಕುಡಿ."

ಬೆಲ್ಲದ ಚೂರಿನ ಜೊತೆ ಚೊಂಬು ಮುಂದೆ ಬಂತು. ಸಿಂಚನಾ ಕೈ ಚಾಚಿದಳು. ತಣ್ಣನೆಯ ತಿಳಿನೀರು. ಆ ಕತೆ ಸುಳ್ಳೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಚಾಚಿದ ಕೈ ನಿಂತಿತು. ಕಣ್ಣು ತಾನಾಗಿ ಚೊಂಬಿನ ತಳ ನೋಡಿತು.

ಅರೆಕ್ಷಣವಷ್ಟೇ. ಆಮೇಲೆ ಗಟಗಟ ಕುಡಿದಳು. ಆದರೆ ಕೊಟ್ರಕ್ಕ ನೋಡಿಬಿಟ್ಟಿದ್ದಳು. ಹಾಗೆ ನಿಲ್ಲುವ ಕೈಗಳನ್ನು ಅವಳು ಈಚೆಗೆ ಬಹಳ ಕಂಡಿದ್ದಳು.

"ನಿನಗೂನಾ, ಸಿಂಚು?" ಎಂದಷ್ಟೇ ಕೇಳಿ, ಖಾಲಿ ಚೊಂಬು ತೆಗೆದುಕೊಂಡು ಒಳಗೆ ಹೋದಳು.

ಅಂಥ ಚಿಪ್ ಇನ್ನೂ ಬಂದಿಲ್ಲ, ಬಿಡಿ. ಆದರೆ ಇವತ್ತು ನಾವು ಯಾವ ಮನೆಯಲ್ಲಿ ನೀರು ಮುಟ್ಟದೆ ಎದ್ದು ಬರುತ್ತೇವೋ, ಆ ಮನೆಯ ಕತೆಯನ್ನು ನಮಗೆ ಹೇಳಿಕೊಟ್ಟವರು ಯಾರು?